ಆಣೆಗೆ ಹೆದರಿದವಳು

ಫೊರೆನ್ಸಿಕ್ ಸೈಕಾಲಜಿಯಲ್ಲಿ ಆನ್‌ಲೈನ್ ಎಂ.ಎಸ್ಸಿ. ಸೇರಿದ್ದೇನೆ ಎಂದಾಗ ತೀರ್ಥಹಳ್ಳಿಯ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ಕೇಳಿದ ಮೊದಲ ಪ್ರಶ್ನೆ, “ಹೆಣ ಕೊಯ್ಯೋದೇನೇ?” ಅಲ್ಲ, ಅಪರಾಧ ಮಾಡಿದವರ, ಮಾಡಿದರೆಂದು ಹೇಳಿಸಿಕೊಂಡವರ ಮನಸ್ಸಿನ ಬಗ್ಗೆ ಓದುವುದು ಎಂದೆ. “ಮಕ್ಳು ಕಾಲೇಜಿಗೆ ಹೋದ್ಮೇಲೆ ನಿಂಗೆ ಮಾಡಕ್ಕೆ ಕೆಲ್ಸ ಇಲ್ಲ ಬಿಡು” ಎಂದು ನಕ್ಕರು. ಸಾಗರದ ಮನೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ದೋಸೆ ಹುಯ್ಯುತ್ತಾ ಪಾಠ ಕೇಳುವ ನನಗೆ ಕೆಲಸ ಇಲ್ಲವಂತೆ! ಮೈಯೆಲ್ಲ ಉರಿಯಿತು.

ಅತ್ತಿಗೆಯ ಮೊಮ್ಮಗನ ನಾಮಕರಣಕ್ಕೆ ಹೋಗಿದ್ದೆವು. ಮರುದಿನ ಬೆಳಿಗ್ಗೆ ಅವರ ಚಿನ್ನದ ಸರ ಕಾಣೆ. ಸರ ಬಿಚ್ಚಿಟ್ಟಿದ್ದ ಕೋಣೆಗೆ ಸೀರೆ ಬದಲಿಸಲು ನಾವು ಹೆಂಗಸರೆಲ್ಲ ಹೋಗಿ ಬಂದಿದ್ದೆವು. ಆದರೂ ಎಲ್ಲರೂ ಬೆರಳು ತೋರಿಸಿದ್ದು ನೆಲ ಒರೆಸಿದವಳ ಕಡೆಗೆ. ಹೊಸನಗರದ ಕಡೆಯಿಂದ ಬಂದು, ಆ ಮನೆಯಲ್ಲೇ ಉಳಿದು ಕೆಲಸ ಮಾಡುತ್ತಿದ್ದ ಹೆಂಗಸು.

“ಪೊಲೀಸು ಗಿಲೀಸು ಬ್ಯಾಡ. ಸಿಗಂದೂರಿಗೆ ಬಂದು ತಗಂಡಿಲ್ಲ ಅಂತ ಆಣೆ ಹಾಕ್ಲಿ” ಎಂದರು ಅತ್ತಿಗೆಯ ಗಂಡ. ಸಿಗಂದೂರಿನ ದೇವಿಯ ಮುಂದೆ ಸುಳ್ಳು ಹೇಳಿದರೆ ಉಳಿಗಾಲವಿಲ್ಲ ಎಂಬುದು ನಮ್ಮ ಕಡೆ ಎಲ್ಲರ ನಂಬಿಕೆ.

ಆಕೆಯ ಮುಖ ಬಿಳಿಚಿಕೊಂಡಿತು. “ಆಣೆ ಮಾತ್ರ ಬ್ಯಾಡ ಅಯ್ಯ. ಮಕ್ಳಿರೋಳು ನಾನು.”

ಅಷ್ಟು ಸಾಕಾಯಿತು. ಆಣೆಗೆ ಹೆದರಿದಳೆಂದರೆ ಕದ್ದವಳು ಅವಳೇ! ಸುತ್ತ ನಿಂತು ಕೇಳಿದ್ದನ್ನೇ ಕೇಳಿದರು, ಗದರಿದರು. ಕೊನೆಗೆ ಆಕೆ, “ನಾನೇ ತಗಂಡೆ ಅಂತ ಇಟ್ಕಳಿ. ಸಿಗಂದೂರಿಗೆ ಮಾತ್ರ ಕರ್ಕಂಡ್ ಹೋಗ್ಬೇಡಿ” ಎಂದು ಕುಸಿದು ಕೂತಳು.

ಮಾಡದ ತಪ್ಪನ್ನು ಮನುಷ್ಯರು ಯಾಕೆ ಒಪ್ಪಿಕೊಳ್ಳುತ್ತಾರೆ ಎಂಬುದು ಆ ಸೆಮಿಸ್ಟರಿನಲ್ಲಿ ನನಗೆ ಪಾಠವಾಗಿತ್ತು. ಅದೆಲ್ಲ ಪೊಲೀಸ್ ಠಾಣೆಯಲ್ಲಿ ನಡೆಯುವಂಥದ್ದು ಅಂದುಕೊಂಡಿದ್ದೆ. ಇಲ್ಲಿ ನಮ್ಮವರದೇ ಜಗುಲಿಯಲ್ಲಿ ನಡೆಯುತ್ತಿತ್ತು.

ನಾನು ಆಕೆಯ ಪಕ್ಕ ಕೂತು ಕೇಳಿದೆ. “ಸರಕ್ಕೆ ಪದಕ ಇತ್ತಾ?”

“ಇತ್ತು.”

ಪದಕ ಇರಲೇ ಇಲ್ಲ.

“ಈಗ ಎಲ್ಲಿದೆ?”

“ಹೊಳೇಲಿ ಬಿತ್ತು.”

ನಾಮಕರಣದ ಪಾತ್ರೆ ರಾಶಿಯ ಮಧ್ಯೆ ಆಕೆಗೆ ಹೊಳೆಯ ಕಡೆ ತಲೆ ಹಾಕಲೂ ಪುರುಸೊತ್ತು ಸಿಕ್ಕಿರಲಿಲ್ಲ.

“ಇವ್ಳು ಸರ ಮುಟ್ಟಿಲ್ಲ. ಕೇಳಿದ್ದಕ್ಕೆಲ್ಲ ಹೂಂ ಅಂತಿದಾಳೆ ಅಷ್ಟೆ” ಎಂದೆ.

“ಹಂಗಾದ್ರೆ ಆಣೆಗೆ ಯಾಕೆ ಹೆದರ್ಬೇಕು?” ಎಂದರು ಅತ್ತಿಗೆ. ಮೊಮ್ಮಗ ಅವರ ತೊಡೆಯ ಮೇಲೆ ಮಲಗಿದ್ದ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. “ಸರಿ ಅತ್ತಿಗೆ, ಆ ಕೋಣೆಗೆ ಹೋದೋರೆಲ್ಲ ಆಣೆ ಹಾಕಣ. ನಾನೂ ಹಾಕ್ತೀನಿ. ಮೊದ್ಲು ನೀವು ಮೊಮ್ಮಗನ ತಲೆ ಮುಟ್ಟಿ ಹೇಳಿ, ಸರ ನೀವೇ ಎಲ್ಲೂ ಇಟ್ಟು ಮರ್ತಿಲ್ಲ ಅಂತ.”

ಅತ್ತಿಗೆ ಮಗುವನ್ನು ಗಬಕ್ಕನೆ ಎದೆಗೆ ಒತ್ತಿಕೊಂಡರು. “ಬಿಡ್ತು ಅನ್ನು! ನಿಜ ಆದ್ರೂ ಮಕ್ಳ ಮೇಲೆ ಯಾರಾದ್ರೂ ಆಣೆ ಹಾಕ್ತಾರೇನೆ?”

“ಅವ್ಳೂ ಅದ್ನೇ ಹೇಳಿದ್ದು” ಎಂದೆ.

ನನ್ನ ಗಂಡ ಕಣ್ಣಲ್ಲೇ ಗದರಿದರು, ನಾನು ಆ ಕಡೆ ನೋಡಲಿಲ್ಲ. ಸರ ಇವತ್ತಿಗೂ ಸಿಕ್ಕಿಲ್ಲ. ಆ ಮನೆಯಿಂದ ನನಗೆ ಮತ್ತೆ ಕರೆಯೂ ಬಂದಿಲ್ಲ, ಬರದಿದ್ದರೆ ಬೇಡ. ಅವತ್ತು ಆ ಹೆಂಗಸು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು, ಬಟ್ಟೆಯ ಚೀಲ ತಂದಳು, ಅಭ್ಯಾಸದಂತೆ ಹಿತ್ತಿಲ ಬಾಗಿಲ ಕಡೆ ತಿರುಗಿದಳು. ನಾನು ಕೈ ಹಿಡಿದು, ಅಷ್ಟೂ ಜನರ ನಡುವೆ, ಮುಂಬಾಗಿಲಿನಿಂದ ಕರೆದುಕೊಂಡು ಹೋದೆ.