ಎಡಗಡೆಯ ಸಾಂಬಾರ್ ಕುಣಿದಾಗ

“ಗಾಡಿ ಗುಜರಿಗೆ ಹಾಕ್ರಿ ಅಣ್ಣಾ, ಹಿಂದಿನ ಆಕ್ಸಲ್ ಬಾಗೇತಿ.” ವಾಗ್ಳೆ ಕೈಗಾರಿಕಾ ಎಸ್ಟೇಟಿನ ಮೆಕ್ಯಾನಿಕ್ ನನಗೆ ಹೀಗೆ ಹೇಳಿದ. ಡೊಂಬಿವಲಿಯ ನಮ್ಮ ಅಡುಗೆಮನೆಯಿಂದ ಇಲ್ಲಿನ ಫ್ಯಾಕ್ಟರಿಗಳಿಗೆ ದಿನಾ ಇಡ್ಲಿ-ಸಾಂಬಾರ್ ಬರುವುದು ಇದೇ ಹಳೆ ಕಾರಿನಲ್ಲಿ. ಕಾರು ಹೋದರೆ ಆರ್ಡರೂ ಹೋಯಿತು. ಅಲೈನ್‌ಮೆಂಟ್ ಮಾಡಿಸಿದರೂ ಹಿಂದಿನ ಎಡ ಟೈರು ಅಡ್ಡಾದಿಡ್ಡಿ ಸವೆಯುವುದು ನಿಂತಿರಲಿಲ್ಲ; ಅದನ್ನು ನೋಡಿಯೇ ಅವನು ಹಾಗೆ ಹೇಳಿದ್ದು.

ಹಿಂದಿನ ಸೀಟಿನಲ್ಲಿ ಎರಡು ಸಾಂಬಾರ್ ಪಾತ್ರೆಗಳ ನಡುವೆ ಕೂತಿದ್ದ ನನ್ನ ಹೆಂಡತಿ ಇಳಿದು ಬಂದಳು.

“ಗುಜರಿ ಎಂಥದ್ದು ಮಾರಾಯ್ರೇ? ರಸ್ತೆಯ ಉಬ್ಬು ಹಾರಿದ್ರೆ ಬಲಗಡೆಯ ಸಾಂಬಾರ್ ಒಮ್ಮೆ ಕುಲುಕಿ ಸುಮ್ಮನಾಗ್ತದೆ. ಎಡಗಡೆಯದ್ದು ಕುಣೀತಾನೇ ಇರ್ತದೆ. ಆ ಮೂಲೆ ನೋಡಿ ಮೊದ್ಲು.”

ಮೆಕ್ಯಾನಿಕ್ ನಕ್ಕ. ಆದರೂ ಕಾರಿನ ಹಿಂದಿನ ಎರಡೂ ಮೂಲೆಗಳನ್ನು ಒಂದೊಂದಾಗಿ ಒತ್ತಿ ಬಿಟ್ಟ. ಬಲಗಡೆ ಒಮ್ಮೆ ಎದ್ದು ನಿಂತಿತು, ಎಡಗಡೆ ತೊಟ್ಟಿಲಿನಂತೆ ತೂಗುತ್ತಲೇ ಇತ್ತು. ಬಗ್ಗಿ ನೋಡಿದರೆ ಎಡ ಶಾಕ್ ಅಬ್ಸಾರ್ಬರಿನ ಎಣ್ಣೆಯೆಲ್ಲ ಸೋರಿಹೋಗಿತ್ತು.

“ವೈನಿ, ಆಕ್ಸಲ್ ಬರೋಬ್ಬರಿ ಐತಿ, ಟೈರ್ ಸವದಿದ್ದು ಈ ಶಾಕ್‌ನಿಂದ. ನಾಳೆಯಿಂದ ನೀವೇ ಗ್ಯಾರೇಜಿಗೆ ಬರ್ರಿ!”

“ಬರ್ತೇನೆ. ಸಾಂಬಾರ್ ನೀವು ಮಾಡ್ತೀರಾ?”

ಶಾಕ್ ಬದಲಾಯಿಸಿದ ಮೇಲೆ ಅದೇ ಕಾರು ದಿನಾ ಓಡುತ್ತಿದೆ. ಉಬ್ಬು ದಾಟಿದ ಕೂಡಲೇ ನಾನು ಕನ್ನಡಿಯಲ್ಲಿ ಅವಳ ಮುಖ ನೋಡುತ್ತೇನೆ. ಅವಳು ಸುಮ್ಮನಿದ್ದರೆ ಗಾಡಿ ಸರಿಯಿದೆ.