ಮೇಜು ಬಡಿಯುತ್ತಿದ್ದ ವಾರಿಜಕ್ಕ

ಗಲ್ಫಿನ ಅಲ್ ಥುಮಾಮಾದಲ್ಲಿರುವ ನಮ್ಮ ಕಟ್ಟಡದಲ್ಲಿ ಮೇಲಿನ ಮನೆಯಿಂದ ದಡ್ ಎಂದು ಸದ್ದು ಕೇಳಿಸಿದರೆ ವಾರಿಜಕ್ಕನಿಗೆ ಒಂದು ಕ್ರಿಯಾಪದ ಸಿಕ್ಕಿತು ಎಂದೇ ಅರ್ಥ. ಕಾರ್ಕಳದ ಈ ಹೆಂಗಸು ಹೆಡ್‌ಫೋನ್ ಸಿಕ್ಕಿಸಿಕೊಂಡು, ಅಮೆರಿಕದ ಮೂಲನಿವಾಸಿಗಳ ಲಕೋಟಾ ಭಾಷೆಯ ಹಳೆಯ ಧ್ವನಿಮುದ್ರಣಗಳನ್ನು ಕೇಳುತ್ತ, ಅಲ್ಲಿನ ಯಾವುದೋ ವಿಶ್ವವಿದ್ಯಾಲಯಕ್ಕೆ ವ್ಯಾಕರಣ ಬಿಡಿಸಿಕೊಡುತ್ತಿದ್ದರು. ಹುಡುಕುತ್ತಿದ್ದ ರೂಪ ಸಿಕ್ಕಿದರೆ ಊಟದ ಮೇಜಿಗೆ ಏಟು.

“ಕೇಳು ತಮ್ಮಾ, ಮೆಲ್ಲ ಅಳ್ಲಿಕ್ಕೆ ಶುರು ಮಾಡಿದ್ದು ಬೇರೆ, ಒಮ್ಮೆಲೇ ಅತ್ತುಬಿಟ್ಟದ್ದು ಬೇರೆ. ಒಮ್ಮೆಲೇ ಆದದ್ದಕ್ಕೆ ಅವರು ಕ್ರಿಯಾಪದದ ಬೆನ್ನಿಗೆ ‘ಹಿಂಗ್ಲಾ’ ಅಂತ ಅಂಟಿಸ್ತಾರೆ. ಬಡಿದದ್ದನ್ನು ಬಡಿದ ಹಾಗೇ ಹೇಳುವುದು. ನಮ್ಮವರ ಹಾಗೆ ಮುಚ್ಚಿ ಮುಚ್ಚಿ ಅಲ್ಲ.” ಮೆಸಯೀದ್‌ನ ಕಾರ್ಖಾನೆಯಲ್ಲಿ ಪೈಪು ವಾಲ್ವುಗಳ ನಡುವೆ ದಿನ ಕಳೆದು ಬರುವ ನನಗೆ ಅದೆಲ್ಲ ತಲೆಗೆ ಹೋಗುತ್ತಿರಲಿಲ್ಲ. ಅವರ ನೀರುದೋಸೆಗಾಗಿ ತಲೆಯಾಡಿಸುತ್ತಿದ್ದೆ.

ಮುಚ್ಚುವುದು ಎಂದರೇನೆಂದು ನನ್ನ ಅಪ್ಪ ಹೋದಾಗ ತಿಳಿಯಿತು. ಗಲ್ಫಿನಲ್ಲಿ ನಾವು ಸಾವನ್ನು ಸಾವು ಅನ್ನುವುದಿಲ್ಲ, ‘ಸೀರಿಯಸ್’ ಅನ್ನುತ್ತೇವೆ. ಉಳಿದದ್ದು ಊರಿನ ಅಂಗಳದಲ್ಲಿ ಚಪ್ಪಲಿಗಳ ರಾಶಿ ಕಂಡಾಗಲೇ ಗೊತ್ತಾಗಬೇಕು. ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಹಮೀದ್ ಟಿಕೆಟ್ ಮಾಡಿಸಿ, “ಅಪ್ಪನಿಗೆ ಸ್ವಲ್ಪ ಸೀರಿಯಸ್, ಯಲ್ಲಾ, ಹೊರಡು” ಅಂದ. ನಾನು ಅಪ್ಪನಿಗೆ ಇಷ್ಟದ ಖರ್ಜೂರವನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ವಿಷಯ ತಿಳಿದಿದ್ದ ವಾರಿಜಕ್ಕ ಬಂದವರೇ ನನ್ನ ಕೈ ಹಿಡಿದರು.

“ಅದನ್ನು ತೆಗೆದಿಡು ತಮ್ಮಾ. ಅಪ್ಪ ತೀರಿಹೋದ್ರು.”

ಹಮೀದ್ ಕೆಂಡವಾದ. “ಪ್ಲೇನ್ ಹತ್ತುವವರೆಗೆ ಸುಮ್ಮನೆ ಇರ್ಲಿಕ್ಕೆ ಆಗ್ಲಿಲ್ವಾ ಅಕ್ಕ ನಿಮ್ಗೆ?”

“ಸತ್ತವರು ಬದುಕ್ಲಿ ಅಂತ ದಾರಿಯುದ್ದಕ್ಕೂ ಹರಕೆ ಹೊತ್ತುಕೊಂಡು ಹೋಗ್ಬೇಕಾ ಇವ?”

ಆ ಹೊತ್ತಿಗೆ ಅವರ ಮುಖ ನೋಡಲೂ ನನಗೆ ಮನಸ್ಸಾಗಲಿಲ್ಲ. ಆದರೆ ವಿಮಾನದಲ್ಲೇ ಅತ್ತು ಮುಗಿಸಿದ್ದರಿಂದ ಅಂಗಳದಲ್ಲಿ ಅಮ್ಮನನ್ನು ಹಿಡಿದುಕೊಂಡು ನಿಲ್ಲಲು ಸಾಧ್ಯವಾಯಿತು.

ಕಳೆದ ತಿಂಗಳು ವಾರಿಜಕ್ಕ ಮದುವೆಯೊಂದಕ್ಕೆಂದು ಗಂಡನೊಡನೆ ಊರಿಗೆ ಹೋದರು. ಮಗಳು ಶ್ರಾವ್ಯ ಪರೀಕ್ಷೆಯೆಂದು ಇಲ್ಲೇ ಉಳಿದಳು. ಒಂದು ಮಧ್ಯಾಹ್ನ ವಾರಿಜಕ್ಕನ ಗಂಡನ ಫೋನ್. “ನಿನ್ನ ಅಕ್ಕ ಹೋಗಿಬಿಟ್ಟಳು ಮಾರಾಯ. ಚಹಾದ ಲೋಟ ಕೈಯಲ್ಲೇ ಇತ್ತು. ಮಗಳಿಗೆ ಸೀರಿಯಸ್ ಅಂತ ಮಾತ್ರ ಹೇಳಿದ್ದೇನೆ, ನೀನೂ ಬಾಯಿ ಬಿಡ್ಬೇಡ. ಪ್ಲೇನ್ ಹತ್ತಿಸು.” ತಲೆಯೆತ್ತಿ ಸುಮ್ಮನೆ ಸೂರನ್ನು ನೋಡುತ್ತ ಕೂತೆ.

ಆಮೇಲೆ ಮೆಟ್ಟಿಲು ಹತ್ತಿದೆ. ಶ್ರಾವ್ಯ ಅಮ್ಮನ ಹೆಡ್‌ಫೋನನ್ನು ಶಾಲಿನಲ್ಲಿ ಸುತ್ತಿ ಬ್ಯಾಗಿನೊಳಗೆ ಇಡುತ್ತಿದ್ದಳು.

“ಹಾಸ್ಪಿಟಲಲ್ಲಿ ಮಮ್ಮಿಗೆ ಬೋರ್ ಆಗ್ತದಲ್ವಾ ಅಂಕಲ್?”

ಅವಳ ಕೈ ಹಿಡಿದುಕೊಂಡೆ.

“ಅದನ್ನು ತೆಗೆದಿಡು ಮಗಾ. ಅಮ್ಮ ತೀರಿಹೋದ್ರು.”

ಶ್ರಾವ್ಯ ನನ್ನ ಮುಖವನ್ನೇ ನೋಡಿದಳು. ಒಮ್ಮೆಲೇ ಅತ್ತುಬಿಟ್ಟಳು.