ನಾನು ಡಿಮ್ ಮಾಡಿದ್ದೆ

ಎರಡು ವಾರದ ಹಿಂದೆ, ಭಾನುವಾರ ಸಂಜೆ ಆರೂ ಮುಕ್ಕಾಲಕ್ಕೆ, ಒಬ್ಬ ಹೆಂಗಸು ನನ್ನ ಕಣ್ಣೆದುರೇ ಸತ್ತುಹೋದಳು ಅಂದುಕೊಂಡೆ.

ಅಂದುಕೊಂಡದ್ದು ಒಂದೇ ನಿಮಿಷ. ಆ ನಿಮಿಷ ಎಷ್ಟು ಉದ್ದ ಇತ್ತು ಅಂತ ನನ್ನ ಹತ್ತಿರ ಕೇಳಬೇಡಿ.

ಮೊದಲಿಂದ ಹೇಳುತ್ತೇನೆ. ನನ್ನ ಅಕ್ಕನ ಮನೆ ಕೊಕ್ಕರ್ಣೆಯಲ್ಲಿ. ನಾನಿರುವುದು ಬ್ರಹ್ಮಾವರದಲ್ಲಿ. ತಿಂಗಳಿಗೊಮ್ಮೆ ಹೋಗಿ ಊಟ ಮಾಡಿ, ಮಧ್ಯಾಹ್ನ ಒಂದು ನಿದ್ರೆ ಹೊಡೆದು, ಸಂಜೆ ವಾಪಸ್ ಬರುವುದು ರೂಢಿ. ಬರುವಾಗ ಕಾರಿನ ಡಿಕ್ಕಿ ಖಾಲಿ ಇರಬಾರದು. ಅದು ಅಕ್ಕನ ಕಾನೂನು. ನಮ್ಮ ಕಡೆ ಎಲ್ಲ ಅಕ್ಕಂದಿರ ಕಾನೂನೂ ಅದೇ, ನಿಮಗೂ ಗೊತ್ತಿದೆ. ಆವತ್ತು ಅವಳು ತುಂಬಿಸಿದ್ದು ತೊಂಬತ್ತು ತೆಂಗಿನಕಾಯಿ, ಎರಡು ಮೂಟೆ ಕುಚ್ಚಲಕ್ಕಿ, ನನ್ನ ಹೆಂಡತಿಯ ಹೂವಿನ ಚಟ್ಟಿಗಳಿಗೆ ಅಂತ ಎರಡು ಚೀಲ ಒಣ ಗೊಬ್ಬರ. ಡಿಕ್ಕಿ ಬಾಗಿಲು ಹಾಕಲು ಭಾವ ಮೊಣಕಾಲು ಕೊಡಬೇಕಾಯಿತು.

"ಕಾರ್ ಹಿಂದ್ ಕೂತ್ಕಂಡಿತಲೆ" ಅಂದರು ಭಾವ.

"ಹೊಸ ಕಾರು ಭಾವ, ತಡೆಯುತ್ತೆ" ಅಂದೆ. ಜಂಬ. ಎರಡು ತಿಂಗಳ ಹಿಂದೆ ತೆಗೆದುಕೊಂಡ ಕಾರಿನ ಜಂಬ ಎಷ್ಟಿರಬೇಕೋ ಅಷ್ಟೇ ಇತ್ತು. ಷೋರೂಮಿನ ಹುಡುಗಿ ಲೈಟು ಹಾಕಿ ತೋರಿಸಿ "ಸರ್, ರಾತ್ರಿನೂ ಹಗಲಿನ ಹಾಗೆ ಕಾಣ್ತದೆ" ಅಂದಿದ್ದಳು. ಯಾರಿಗೆ ಕಾಣುತ್ತದೆ ಅಂತ ನಾನು ಕೇಳಿರಲಿಲ್ಲ.

ಹೊರಟಾಗ ಮಬ್ಬುಗತ್ತಲೆ. ಚಳಿಗಾಲ ನೋಡಿ, ಆರೂವರೆಗೆಲ್ಲ ಕಪ್ಪು. ಒಂದು ಕಿಲೋಮೀಟರ್ ಬರುವಷ್ಟರಲ್ಲಿ ಎದುರಿನ ಬೈಕಿನವನು ಲೈಟು ಹೊಡೆದ. ಪಟಪಟ, ಎರಡು ಸಲ. ನಾನು ಲೈಟಿನ ಸ್ವಿಚ್ ನೋಡಿಕೊಂಡೆ. ಡಿಮ್ಮೇ ಇದೆ. ಡ್ಯಾಷ್‌ಬೋರ್ಡಿನಲ್ಲಿ ಹಸಿರು ದೀಪ. ಹೈಬೀಮಿನ ನೀಲಿ ಇಲ್ಲ. ಮತ್ತೆ ಒಂದು ಓಮ್ನಿ. ಅದೂ ಹೊಡೆಯಿತು. ಆಮೇಲೆ ರಿಕ್ಷಾ. ರಿಕ್ಷಾದವನು ತಲೆ ಹೊರಗೆ ಹಾಕಿ ಏನೋ ಬೈದ ಬೇರೆ.

ನನ್ನ ಪಿತ್ತ ನೆತ್ತಿಗೇರಿತು. ಯಾಕೆ ಅಂತೀರಾ? ಏಕೆಂದರೆ ಲೈಟಿನ ವಿಷಯದಲ್ಲಿ ನಾನು ಈ ಜಿಲ್ಲೆಯ ಅಧಿಕೃತ ಸಜ್ಜನ. ಆರು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಹೆಡ್‌ಲೈಟಿನವರನ್ನು ಉಗಿದು ಉಪ್ಪು ಹಾಕಿದ್ದೆ. ಶಿರೂರಿನಿಂದ ಕುಂದಾಪುರದ ತನಕ ಹಳೇ ಕಾರಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಬಂದ ಮರುದಿನ ಬರೆದದ್ದು. "ಎದುರಿನವನ ಕಣ್ಣು ಕಿತ್ತು ತನ್ನ ದಾರಿ ನೋಡುವವರು" ಅಂತೆಲ್ಲ ಬರೆದಿದ್ದೆ. ನೀವೂ ಓದಿ ಚಪ್ಪಾಳೆ ಹೊಡೆದಿರಿ. ವಾಟ್ಸಾಪಿನಲ್ಲಿ ಅದು ತಿರುಗಿ ತಿರುಗಿ ಕೊನೆಗೆ ನನಗೇ ಬಂತು, ಬರೆದವರ ಹೆಸರಿಲ್ಲದೆ.

ಅಂಥವನಿಗೆ ಲೈಟು ಹೊಡೆಯುವುದೇ? ನಾಲ್ಕನೆಯವನು ಹೊಡೆದಾಗ ನಾನೂ ವಾಪಸ್ ಹೊಡೆದೆ. ಐದನೆಯವನಿಗೆ ಎರಡು ಹೊಡೆದೆ.

ಅಷ್ಟರಲ್ಲಿ ಹಿಂದಿನಿಂದ ಒಂದು ಕಪ್ಪು ಎಸ್‌ಯುವಿ. ಮನೆಯಷ್ಟೆತ್ತರದ ಗಾಡಿ. ಅದರ ಬೆಳಕು ನನ್ನ ಮೂರೂ ಕನ್ನಡಿಗೆ ಒಟ್ಟಿಗೇ ಬಡಿದು ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿದ ಹಾಗಾಯಿತು. ಹಾರ್ನ್ ಹಾಕಿಕೊಂಡೇ ಓವರ್‌ಟೇಕ್ ಮಾಡಿ ಹೋಯಿತು. "ಹೋಗು ಮಾರಾಯ, ಸಾಯಿ" ಅಂದೆ, ಗಟ್ಟಿಯಾಗಿ. ಹೆಂಡತಿ ಜೊತೆಯಲ್ಲಿರಲಿಲ್ಲ, ಇದ್ದಿದ್ದರೆ ಬಾಯಿಗೆ ಬೀಗ ಬೀಳುತ್ತಿತ್ತು.

ಎಸ್‌ಯುವಿ ಮುಂದಿನ ತಿರುವಿನಲ್ಲಿ ಮರೆಯಾಯಿತು. ಹಿಂದೆಯೇ ನಾನು. ತಿರುವು ದಾಟಿದರೆ ಇಳಿಜಾರು, ಕೆಳಗೊಂದು ಮೋರಿ. ಆಚೆ ಕಡೆಯಿಂದ ಸ್ಕೂಟರ್ ಬರುತ್ತಿತ್ತು. ಒಂದೇ ಒಂದು ಹಳದಿ ದೀಪ.

ನಾನು ಡಿಮ್ ಮಾಡಿದ್ದೆ. ಯಾವ ದೇವಸ್ಥಾನದಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಹಳದಿ ದೀಪ ಒಮ್ಮೆ ಅಲ್ಲಾಡಿತು. ಟಾರಿನ ಅಂಚಿಗೆ ಹೋಯಿತು. ನಮ್ಮ ಟಾರಿನ ಅಂಚು ಗೊತ್ತಲ್ಲ, ಒಂದು ಗೇಣು ಕೆಳಗೆ ಮಣ್ಣು. ಆಮೇಲೆ ದೀಪ ಆಕಾಶ ನೋಡಿತು. ಆಮೇಲೆ ಇಲ್ಲ. ತಗಡಿನ ಸದ್ದೊಂದು ಬಂತು, ಉರುಳುತ್ತಾ.

ಬ್ರೇಕು ಒತ್ತಿದೆ. ಹಿಂದೆ ತೊಂಬತ್ತು ಕಾಯಿ ಒಟ್ಟಿಗೆ ಮುಂದಕ್ಕೆ ಉರುಳಿ ಸೀಟಿಗೆ ಗುದ್ದಿದವು.

ಇಳಿದು ನೋಡಿದರೆ ರಸ್ತೆ ತುಂಬ ಬಿಳಿ. ಮೊದಲು ಅರ್ಥವಾಗಲಿಲ್ಲ. ಹಾಲು. ಕ್ಯಾನು ಮೋರಿಯ ಹತ್ತಿರ ಬಾಯಿ ಬಿಟ್ಟು ಬಿದ್ದಿತ್ತು. ಚರಂಡಿಯಲ್ಲಿ ಸ್ಕೂಟರು, ಅದರ ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಅದರಾಚೆ ಒಂದು ನೀಲಿ ಸೀರೆ. ಅಲುಗಾಟ ಇಲ್ಲ.

"ಅಮ್ಮ" ಅಂದೆ. ಉತ್ತರ ಇಲ್ಲ. "ಅಮ್ಮಾ" ಅಂದೆ. ಮುಟ್ಟಲು ಹೆದರಿಕೆ. ಮುಟ್ಟದಿರಲೂ ಹೆದರಿಕೆ. ಫೋನ್ ತೆಗೆದರೆ ಬೆರಳಿಗೆ ಲಾಕ್ ತೆಗೆಯಲು ಬರುವುದಿಲ್ಲ.

ಆಗ ಸೀರೆಯೊಳಗಿಂದ ಒಂದು ದನಿ. "ಹಾಲ್ ಎಲ್ಲ ಹೋಯ್ತಾ?"

ಅಲ್ಲೇ ಕುಳಿತುಬಿಟ್ಟೆ. ಸುಳ್ಳೇಕೆ, ಅತ್ತುಬಿಟ್ಟೆ.

ಅವರ ಹೆಸರು ಗಿರಿಜಾ ಅಂತಿಟ್ಟುಕೊಳ್ಳಿ. ಗಂಡ ಮುಂಬೈಯಲ್ಲಿ ಹೋಟೆಲಿನಲ್ಲಿ. ಇವರಿಗೆ ಮೂರು ದನ. ಆವತ್ತು ಒಂದು ದನ ಸೊರೆ ಬಿಡಲು, ಅಂದರೆ ಕೆಚ್ಚಲಿಗೆ ಹಾಲಿಳಿಸಲು, ಸತಾಯಿಸಿ ತಡವಾಗಿತ್ತು. ಡೈರಿ ಮುಚ್ಚುವ ಮೊದಲು ಮುಟ್ಟಬೇಕು ಅಂತ ಅವಸರದಲ್ಲಿ ಬರುತ್ತಿದ್ದರು. ಬಲಗೈ ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ಮಣಿಕಟ್ಟು ಇರಬೇಕಾದ ಕಡೆ ಇರಲಿಲ್ಲ.

ಮೋರಿಯಾಚೆಯ ಅಂಗಡಿಯಿಂದ ಸುಧಾಕರ ಅನ್ನುವವರು ಓಡಿ ಬಂದರು. ಅವರ ಹಿಂದೆ ಇನ್ನಿಬ್ಬರು.

"ಹ್ವಾಯ್, ಎಂತ ಆಯ್ತ್ ಗಿರಿಜಕ್ಕ?"

"ಒಂದ್ ಬೆಳ್ಕ್ ಬಂತ್. ಮತ್ತೆ ಎಂತದೂ ಕಾಂಬಲಿಲ್ಲ. ರಸ್ತೆ ಎಲ್ಲಿತ್ತ್ ಅಂದೇಳಿ ಗೊತ್ತಾಯ್ಲಿಲ್ಲ."

"ಆ ಕಪ್ಪ್ ಗಾಡಿಯೇ" ಅಂದರು ಸುಧಾಕರ. "ನಮ್ ಅಂಗ್ಡಿ ಮುಂದೆ ಈಗ ಹೋಯ್ತಲೆ. ಹೊರ್ಗಿನ್ ನಂಬ್ರ್. ಇವ್ರಿಗೆಲ್ಲ ಲೈಟ್ ಅಲ್ದೆ ಬೆಂಕಿ ಕೊಡ್ಕ್."

ಇನ್ನೊಬ್ಬರು ನನ್ನ ಭುಜ ಹಿಡಿದರು. "ನೀವ್ ನಿಲ್ಸಿದ್ರಿ ಕಾಣಿ. ಅಂವ ನಿಲ್ಸಿದ್ನಾ?"

ಕಪ್ಪು ಗಾಡಿಯದ್ದೇ ತಪ್ಪು ಅಂದಾಗ ನಾನೂ ಹೌದೆಂದೆ. ನಂಬಿಯೇ ಹೌದೆಂದೆ. ಆ ಬೆಳಕು ನನ್ನ ಕಣ್ಣಿಗೂ ಹೊಡೆದಿತ್ತಲ್ಲ!

ಸುಧಾಕರ ಹಿಂದೆ ಕುಳಿತರು. ಗಿರಿಜಾ ಮುಂದಿನ ಸೀಟಿನಲ್ಲಿ, ಕೈ ಮೇಲೆ ನನ್ನ ಟವೆಲು. ಬ್ರಹ್ಮಾವರದ ಆಸ್ಪತ್ರೆಗೆ ಹೊರಟೆವು. ಹೊಂಡ ಬಂದಾಗಲೆಲ್ಲ ಅವರು ಹಲ್ಲು ಕಚ್ಚುತ್ತಿದ್ದರು. ನಾನು ಹೊಂಡ ತಪ್ಪಿಸಲು ಹೋಗಿ ಮತ್ತೊಂದಕ್ಕೆ ಇಳಿಸುತ್ತಿದ್ದೆ.

ಎದುರಿನಿಂದ ಒಂದು ಬಸ್ಸು. ಲೈಟು ಹೊಡೆಯಿತು.

ಒಂದು ಬೈಕು. ಹೊಡೆಯಿತು.

ಒಂದು ಟೆಂಪೊ. ಮೂರು ಸಲ ಹೊಡೆದು, ನಿಂತೇಬಿಟ್ಟಿತು.

ಆಗ ಗಿರಿಜಾ ನನ್ನ ಕಡೆ ತಿರುಗದೆ, ಮುಂದೆಯೇ ನೋಡುತ್ತಾ ಕೇಳಿದರು. "ಎಲ್ಲರೂ ನಿಮ್ಗೇ ಎಂತಕ್ ಲೈಟ್ ಹೊಡಿತ್ರ್?"

ಕಪ್ಪು ಎಸ್‌ಯುವಿ ಯಾವಾಗಲೋ ಮುಂದೆ ಹೋಗಿಯಾಗಿತ್ತು. ಈ ದಿಕ್ಕಿನಲ್ಲಿ ಈಗ ನಾನೊಬ್ಬನೇ. "ಗೊತ್ತಿಲ್ಲ" ಅಂದೆ. ಎಸಿ ಹಾಕಿದ ಕಾರಿನಲ್ಲಿ ಬೆನ್ನು ಬೆವರುತ್ತಿತ್ತು.

ಅವರನ್ನು ಒಳಗೆ ಕಳಿಸಿ ಕಾರು ಪಾರ್ಕ್ ಮಾಡಲು ಹೋದೆ. ವಾಚ್‌ಮನ್ ಮುಖಕ್ಕೆ ಎರಡೂ ಕೈ ಅಡ್ಡ ಹಿಡಿದುಕೊಂಡು ಬಂದ. ವಯಸ್ಸಾದ ಮನುಷ್ಯ.

"ಡಿಮ್ ಮಾಡಿ ಮಾರಾಯ್ರೆ! ಕಣ್ಣ್ ಹೋತ್!"

"ಡಿಮ್ಮೇ ಇದು!" ಅಂತ ಕಿರುಚಿದೆ. ಅಷ್ಟೊಂದು ಗಟ್ಟಿಯಾಗಿ ಕಿರುಚುವ ಅಗತ್ಯವಿರಲಿಲ್ಲ.

ಅವನು ಕಾರಿನ ಸುತ್ತ ಒಂದು ಸುತ್ತು ಬಂದ. ಹಿಂದಿನ ಚಕ್ರ ನೋಡಿದ. "ಡಿಕ್ಕಿಯಂಗೆ ಎಂತ ಇತ್ತ್?"

ಹೇಳಿದೆ. ಕಾಯಿ, ಅಕ್ಕಿ, ಗೊಬ್ಬರ.

"ಹಾಂಗಂದ್ರೆ ಮೂತಿ ಮೇಲ್ ಆಯ್ತಲೆ" ಅಂದ. "ನಾನ್ ಇಪ್ಪತ್ ವರ್ಷ ಲಾರಿ ಬಿಟ್ಟವ. ಹಿಂದ್ ಲೋಡ್ ಬಿದ್ರೆ ಮುಂದ್ ಲೈಟ್ ಮರಕ್ಕ್ ಹತ್ತತ್. ಆ ಚಕ್ರ ತಿರ್ಗ್ಸಲಿಲ್ಯಾ ನೀವ್?"

"ಯಾವ ಚಕ್ರ?"

ಅವನು ಕಿಟಕಿಯಿಂದ ಕೈ ಹಾಕಿದ. ಸ್ಟಿಯರಿಂಗಿನ ಬಲಕ್ಕೆ, ಮೊಣಕಾಲಿನ ಮೇಲೆ, ಒಂದು ಪುಟ್ಟ ಚಕ್ರ. ಸೊನ್ನೆ, ಒಂದು, ಎರಡು, ಮೂರು. ಎರಡು ತಿಂಗಳಿಂದ ಅದು ಅಲ್ಲೇ ಇತ್ತು. ಡ್ಯಾಷ್‌ಬೋರ್ಡಿನ ಬೆಳಕಿಗೋ ಏನೋ ಅಂದುಕೊಂಡು ನಾನು ಮುಟ್ಟಿರಲಿಲ್ಲ. ಅವನು ಸೊನ್ನೆಯಿಂದ ಮೂರಕ್ಕೆ ತಿರುಗಿಸಿದ.

ಎದುರಿನ ಬಿಳಿ ಗೋಡೆಯಲ್ಲಿ ನನ್ನ ಕಾರಿನ ಬೆಳಕು ಒಬ್ಬ ಮನುಷ್ಯನ ಮುಖದ ಎತ್ತರದಲ್ಲಿತ್ತು. ಅದು ನಿಧಾನವಾಗಿ ಇಳಿಯಿತು. ಕುತ್ತಿಗೆ. ಎದೆ. ಸೊಂಟ. ಅಲ್ಲಿ ನಿಂತಿತು.

ನಾನು ಲೈಟು ಆರಿಸಿದೆ.

ಆಮೇಲೆ ಗೊತ್ತಿರುವವರನ್ನು ಕೇಳಿ ತಿಳಿದುಕೊಂಡದ್ದು ಇಷ್ಟು. ಹಿಂದಿನ ಕಾಲದ ಹಳದಿ ಬಲ್ಬು ಬೆಳಕನ್ನು ಅಲ್ಲಿಷ್ಟು ಇಲ್ಲಿಷ್ಟು ಚೆಲ್ಲುತ್ತಿತ್ತು, ತಪ್ಪಿದರೂ ಕ್ಷಮಿಸುತ್ತಿತ್ತು. ಈಗಿನ ಎಲ್‌ಇಡಿ ಹಾಗಲ್ಲ. ಡಿಮ್‌ನಲ್ಲಿ ಅದರ ಬೆಳಕಿಗೆ ಚಾಕುವಿನಲ್ಲಿ ಕೊಯ್ದಂಥ ಒಂದು ಗೆರೆ ಇರುತ್ತದೆ. ಗೆರೆಯ ಕೆಳಗೆ ಉರಿಯುವ ಬಿಳಿ, ಮೇಲೆ ಕತ್ತಲೆ. ಗೆರೆ ಕೆಳಗಿದ್ದರೆ ಎಲ್ಲರಿಗೂ ಸುಖ. ಕಾರಿನ ಮೂತಿ ಎರಡು ಮೂರು ಬೆರಳು ಎದ್ದರೆ ಸಾಕು, ಐವತ್ತು ಮೀಟರ್ ಆಚೆ ಅದೇ ಗೆರೆ ಸೊಂಟದಿಂದ ಕಣ್ಣಿಗೆ ಹತ್ತುತ್ತದೆ. ಆ ನೀಲಿ ಮಿಶ್ರಿತ ಬಿಳಿ ಬೇರೆ, ಕಣ್ಣಿನೊಳಗೆ ಹೆಚ್ಚು ಚದುರುತ್ತದಂತೆ, ಅದರಲ್ಲೂ ನಮ್ಮಂಥ ಐವತ್ತು ದಾಟಿದವರಿಗೆ. ಎತ್ತರದ ಗಾಡಿಯಾದರೆ ದೀಪ ಮೊದಲೇ ಸ್ಕೂಟರಿನವರ ಮುಖಕ್ಕೆ ಹತ್ತಿರ. ಹಳೇ ಕಾರಿನ ದೀಪದ ಗೂಡಿಗೆ ಪೇಟೆಯಿಂದ ತಂದ ಎಲ್‌ಇಡಿ ಬಲ್ಬು ಸಿಕ್ಕಿಸಿದವರದ್ದಂತೂ ಕೇಳುವುದೇ ಬೇಡ. ಅದಕ್ಕೆ ಗೆರೆಯೂ ಇಲ್ಲ, ಮರ್ಯಾದೆಯೂ ಇಲ್ಲ.

ಇದನ್ನೆಲ್ಲ ಆರು ತಿಂಗಳ ಹಿಂದೆ ಬರೆಯುವಾಗ ವಿಚಾರಿಸಬೇಕಿತ್ತು. ಆಗ ನನಗೆ ಬೈಯುವ ಅರ್ಜೆಂಟು.

ಆಸ್ಪತ್ರೆಯೊಳಗೆ ಹೋದೆ. ಗಿರಿಜಾರ ತಮ್ಮ ಬಂದಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ಮಂಥವ್ರ್ ಇಪ್ಪುದಕ್ಕೆ ಅಕ್ಕ ಉಳೀತ್" ಅಂದರು. ಮಣಿಕಟ್ಟಿನ ಎರಡು ಎಲುಬು ಮುರಿದಿದೆ, ಆರು ವಾರ ಪ್ಲಾಸ್ಟರ್, ಆಮೇಲೆ ನೋಡೋಣ ಅಂದಿದ್ದರಂತೆ ಡಾಕ್ಟರು. ಅದು ಹಾಲು ಕರೆಯುವ ಕೈ.

ಆಗ ನಾನು ಹೇಳಬೇಕಿತ್ತು. ಹೇಳಿದೆನಾ?

ಇಲ್ಲ. "ಅಯ್ಯೋ, ಅದೆಲ್ಲ ಎಂತ, ಮನುಷ್ಯತ್ವ" ಅಂದೆ. ಅಂದು ಮನೆಗೆ ಬಂದೆ. ಹೆಂಡತಿ ಕಾಯಿ ಎಣಿಸಿ ಇಡುತ್ತಿದ್ದಳು. ನನಗೆ ಒಂದು ತಿಂಗಳಿನಿಂದ ಬಾರದಿದ್ದ ಬಿಪಿ ತಲೆನೋವು ಬಂತು.

ಹತ್ತು ದಿನ ಹಾಗೇ ಹೋಯಿತು. ಊರಲ್ಲಿ ಕಪ್ಪು ಗಾಡಿಯ ಕತೆ ಬೆಳೆಯುತ್ತಿತ್ತು. ಸುಧಾಕರ ಎರಡು ಸಲ ಫೋನ್ ಮಾಡಿ, "ನೀವ್ ಪೇಪರ್‌ನಂಗೆ ಬರೀತ್ರಲೆ, ಆ ಗಾಡಿಯವ್ನ್ ಬಗ್ಗೆ ಹಾಕಿ ಒಂದ್" ಅಂದರು. ಬರೆಯುತ್ತಿದ್ದರೆ ಚೆನ್ನಾಗಿಯೇ ಬರೆಯುತ್ತಿದ್ದೆ. ಅದೇ ಹೆದರಿಕೆ. ಮೊದಲ ಪ್ಯಾರಾ ತಲೆಯಲ್ಲಿ ಸಿದ್ಧವೂ ಆಗಿತ್ತು.

ಕಪ್ಪು ಗಾಡಿಯ ತಪ್ಪೂ ಇತ್ತೇನೋ. ಒಪ್ಪುತ್ತೇನೆ. ಆದರೆ ಅದು ದಾಟಿ ಹೋದ ಮೇಲೂ ಆ ಹಳದಿ ದೀಪ ನೆಟ್ಟಗೆ ಬರುತ್ತಿತ್ತು. ಅಲ್ಲಾಡಿದ್ದು ನಾನು ತಿರುವು ದಾಟಿದ ಮೇಲೆ. ಅದನ್ನು ಕಂಡವನು ನಾನೊಬ್ಬನೇ.

ಮೊನ್ನೆ ಬುಧವಾರ ಅವರ ಮನೆಗೆ ಹೋದೆ. ಗಿರಿಜಾ ಕೊಟ್ಟಿಗೆಯಲ್ಲಿದ್ದರು. ಪಕ್ಕದ ಮನೆಯಾಕೆ ಹಾಲು ಕರೆಯಲು ಕುಳಿತಿದ್ದರು. ದನ ಕಾಲು ಝಾಡಿಸುತ್ತಿತ್ತು. ಗಿರಿಜಾ ಎಡಗೈಯಲ್ಲಿ ಅದರ ಕುತ್ತಿಗೆ ತುರಿಸುತ್ತಾ ಏನೋ ಹೇಳಿ ಸಮಾಧಾನ ಮಾಡುತ್ತಿದ್ದರು.

"ನನ್ ಕೈ ಅಲ್ದಿದ್ರೆ ಸೊರೆ ಬಿಡುದಿಲ್ಲೆ" ಅಂದರು. "ಒಂದ್ ದನದ್ ಹಾಲ್ ಆಗ್ಳೇ ಬತ್ತ್‌ತಾ ಬಂತ್. ಬನ್ನಿ, ಕೂಕಣಿ."

ಕೂರಲಿಲ್ಲ. ನಿಂತೇ ಹೇಳಿದೆ. ಕಾಯಿ, ಅಕ್ಕಿ, ಗೊಬ್ಬರ, ಚಕ್ರ, ಗೋಡೆ. ಲೈಟು ಹೊಡೆದವರಿಗೆ ನಾನು ವಾಪಸ್ ಹೊಡೆದದ್ದು. ಆವತ್ತು ಕಾರಿನಲ್ಲಿ "ಗೊತ್ತಿಲ್ಲ" ಅಂದದ್ದು. ಹತ್ತು ದಿನ ಬಾಯಿ ಮುಚ್ಚಿಕೊಂಡಿದ್ದು. ಪಕ್ಕದ ಮನೆಯಾಕೆ ಕರೆಯುವುದನ್ನು ನಿಲ್ಲಿಸಿದರು.

ಗಿರಿಜಾ ದನದ ಕುತ್ತಿಗೆಯಿಂದ ಕೈ ತೆಗೆಯಲಿಲ್ಲ. ಬೈದಿದ್ದರೆ ಎಷ್ಟೋ ಆರಾಮ ಇರುತ್ತಿತ್ತು.

"ನಂಗ್ ಆವತ್ ಕಾರಂಗೇ ಗೊತ್ತಾಯ್ತ್" ಅಂದರು ಕೊನೆಗೆ. "ನೀವ್ ಹೇಳ್ತ್ರಾ ಇಲ್ಯಾ ಅಂದೇಳಿ ಕಾಂತಿದ್ದೆ."

ಆಸ್ಪತ್ರೆಯ ಖರ್ಚು, ದನ ನೋಡಿಕೊಳ್ಳಲು ಜನ, ಎಲ್ಲ ನಾನು ಅಂತ ತೊದಲಿದೆ. "ಅದ್ ಕೊಡಿ, ಬ್ಯಾಡ ಅಂಬುದಿಲ್ಲೆ" ಅಂದರು, ನೇರವಾಗಿ. ಆಮೇಲೆ, "ಆ ಲೈಟಿನ್ ಬಗ್ಗೆ ಬರ್ದವ್ರ್ ನೀವೇ ಅಲ್ದಾ? ತಮ್ಮ ಓದಿ ಹೇಳಿದ್ದ. ಚೆಂದ ಬೈದಿದ್ರಿ" ಅಂದರು.

ನಾನು ತಲೆ ತಗ್ಗಿಸಿದೆ.

"ಈಗ್ಳೂ ಹಾಂಗೇ ಬರೀರಿ. ತಪ್ಪ್ ಮಾಡ್ದವ್ರ್ ಹೆಸ್ರ್ ಹಾಕಿ."

ಹಾಕಿದ್ದೇನೆ ಗಿರಿಜಕ್ಕ. ಪುಟದ ಮೇಲ್ಗಡೆ ನೋಡಿ, ನಗುತ್ತಿರುವ ಫೋಟೋದ ಕೆಳಗೆ.